ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಯಾರು ಬರುತ್ತಾರೆ?

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ 79 ವರ್ಷ. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು, ಅವರಿಗೆ ಮಕ್ಕಳಿಲ್ಲ. ಎರಡು ತಿಂಗಳ ಹಿಂದೆ ರಾತ್ರಿ ಬಚ್ಚಲಲ್ಲಿ ಬಿದ್ದವರು ಬೆಳಗಾಗುವವರೆಗೂ ಏಳಲಾಗದೆ ಅಲ್ಲೇ ಇದ್ದರು. ಮೂಳೆ ಮುರಿಯಲಿಲ್ಲ, ಆದರೆ ಇನ್ನು ಒಬ್ಬರೇ ಇರುವುದು ಬೇಡ ಎಂದು ನಮಗೆಲ್ಲ ಅನ್ನಿಸಿದೆ. ಹಿರಿಯರಿಗೆ ನೆರವು ಕೊಡುವ ಎರಡು ವಸತಿಗಳನ್ನು ನೋಡಿ ಬಂದೆ. ಒಂದು ಹೊಸದು, ಹೋಟೆಲಿನ ಹಾಗೆ ಹೊಳೆಯುತ್ತದೆ. ಇನ್ನೊಂದು ಹಳೆಯ ಸಾಧಾರಣ ಕಟ್ಟಡ. ಎರಡೂ ಕಡೆ ಚೆನ್ನಾಗಿಯೇ ಮಾತಾಡಿಸಿದರು. ಯಾವುದನ್ನು ನೋಡಿ ತೀರ್ಮಾನಿಸಬೇಕು? ದೊಡ್ಡಮ್ಮನನ್ನು ಕೇಳಿದರೆ, 'ನಾನು ನಿಮಗೆಲ್ಲ ಭಾರವಾದೆ ಅನ್ನಿ' ಎಂದು ಸುಮ್ಮನಾಗುತ್ತಾರೆ.

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದ ಮೇಲೂ ಆ ಒಂದು ರಾತ್ರಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ವಸತಿಯ ಮಾತಿಗೆ ಮೊದಲು ಇದನ್ನು ಕೇಳುತ್ತೇನೆ: ಅವರು ಬಿದ್ದದ್ದೇಕೆ ಎಂದು ಯಾರಾದರೂ ಪತ್ತೆ ಮಾಡಿದರೇ? ವಯಸ್ಸಾಯಿತು, ಜಾರಿದರು ಎಂದು ಬಿಟ್ಟುಬಿಡಬೇಡಿ. ಮಲಗಿದ್ದವರು ಎದ್ದು ನಿಂತೊಡನೆ ರಕ್ತದೊತ್ತಡ ಇಳಿಯುವುದು, ನಿದ್ದೆಯ ಮಾತ್ರೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಕಣ್ಣಿನ ಪೊರೆ, ಪಾದದ ಜೋಮು, ಇವುಗಳಲ್ಲಿ ಒಂದೆರಡು ಸಾಮಾನ್ಯವಾಗಿ ಜೊತೆ ಸೇರಿಕೊಂಡಿರುತ್ತವೆ. ಕಾರಣ ಹುಡುಕದೆ ಮನೆ ಬದಲಿಸಿದರೆ ಹೊಸ ಮನೆಯಲ್ಲೂ ಬೀಳುತ್ತಾರೆ. ವೈದ್ಯರಲ್ಲಿಗೆ ಹೋಗುವಾಗ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಲು ಹೇಳಿ.

ನಾನು ನರ್ಸ್. ಇಪ್ಪತ್ತನಾಲ್ಕು ವರ್ಷ ಇಂಥ ವಸತಿಗಳಲ್ಲೇ ಕೆಲಸ ಮಾಡಿದ್ದೇನೆ, ಕೊನೆಯ ಒಂಬತ್ತು ವರ್ಷ ಮೇಲ್ವಿಚಾರಕಿಯಾಗಿ. ಜಾಗ ನೋಡಲು ಬರುವ ಮನೆಯವರಿಗೆ ಏನು ತೋರಿಸುತ್ತಾರೆ, ಏನನ್ನು ತೋರಿಸುವುದಿಲ್ಲ ಎಂಬುದು ನನಗೆ ಒಳಗಿನಿಂದ ಗೊತ್ತು. ಸ್ವಾಗತದ ಕೋಣೆ, ತೋಟ, ಟಿ.ವಿ. ಇರುವ ಹಜಾರ, ಖಾಲಿ ಇರುವ ಒಂದು ಒಳ್ಳೆಯ ಕೋಣೆ, ಇಷ್ಟನ್ನು ತೋರಿಸುತ್ತಾರೆ. ಸ್ನಾನದ ಹೊತ್ತು, ರಾತ್ರಿಯ ಹೊತ್ತು, ಶಿಫ್ಟ್ ಬದಲಾಗುವ ಹೊತ್ತು, ಇವನ್ನು ತೋರಿಸುವುದಿಲ್ಲ. ನಿಮ್ಮ ದೊಡ್ಡಮ್ಮನ ದಿನಗಳು ಚೆನ್ನಾಗಿರುತ್ತವೋ ಇಲ್ಲವೋ ಎಂಬುದು ಈ ಮೂರು ಹೊತ್ತುಗಳಲ್ಲಿದೆ.

ಮೊದಲು ದೊಡ್ಡಮ್ಮನಿಗೆ ಏನು ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ, ಜಾಗ ನೋಡುವುದು ಆಮೇಲೆ. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ಸೊಂಟದ ಮೂಳೆ ಮುರಿದ ಹಿರಿಯರನ್ನು ಗಮನಿಸಿ ಆರು ಕೆಲಸಗಳ ಒಂದು ಅಳತೆಯನ್ನು ಪ್ರಕಟಿಸಿದರು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ತಾವೇ ಊಟ ಮಾಡುವುದು. ಇಂದಿಗೂ ನಾವೆಲ್ಲ ಇದನ್ನೇ ಬಳಸುತ್ತೇವೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಯದು ಊಟ. ಮಗು ಕಲಿತ ಕ್ರಮವನ್ನೇ ಹಿಂದುಮುಂದಾಗಿಸಿದ ಹಾಗೆ. ಇವುಗಳ ಜೊತೆಗೆ ಫೋನ್ ಬಳಕೆ, ಮಾತ್ರೆಯ ಲೆಕ್ಕ, ಹಣಕಾಸು, ಅಡುಗೆ, ಓಡಾಟ, ಇಂಥವನ್ನೂ ಸೇರಿಸಿ. ಪ್ರತಿಯೊಂದರ ಮುಂದೆ 'ತಾವೇ ಮಾಡುತ್ತಾರೆ', 'ಪಕ್ಕದಲ್ಲಿ ಯಾರಾದರೂ ಇದ್ದರೆ ಸಾಕು', 'ಕೈ ಹಿಡಿಯಬೇಕು' ಎಂದು ಗುರುತು ಹಾಕಿ. ಅವರು ಹೇಳಿದ್ದನ್ನಷ್ಟೇ ನಂಬಬೇಡಿ, ಎರಡು ದಿನ ಜೊತೆಗಿದ್ದು ನೋಡಿ. 'ಎಲ್ಲ ನಾನೇ ಮಾಡ್ಕೋತೀನಿ' ಎನ್ನುವವರು ವಾರಗಟ್ಟಲೆ ಸ್ನಾನ ಮಾಡದೆ ಇರುವುದನ್ನು ನಾನು ಬಹಳ ಕಂಡಿದ್ದೇನೆ. ಅದು ಸುಳ್ಳಲ್ಲ, ಭಯ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಕೈಯಿರುವ ಕುರ್ಚಿಯಲ್ಲಿ ಕೂರಿಸಿ. ಎದ್ದು, ಮೂರು ಮೀಟರ್ ತಮ್ಮ ಮಾಮೂಲು ವೇಗದಲ್ಲಿ ನಡೆದು, ತಿರುಗಿ ಬಂದು ಕೂರಲು ಹೇಳಿ. ನೀವು ಪಕ್ಕದಲ್ಲೇ ಇರಿ. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯಬೇಕು. ಗಡಿಯಾರಕ್ಕಿಂತ ಹೆಚ್ಚಾಗಿ ತಿರುಗುವ ಗಳಿಗೆಯನ್ನು ನೋಡಿ. ಅಲ್ಲಿ ತಡವರಿಸಿದರೆ ಬಚ್ಚಲಲ್ಲೂ ಅಲ್ಲೇ ತಡವರಿಸುತ್ತಾರೆ.

ಈ ಹಾಳೆ ಕೈಯಲ್ಲಿದ್ದರೆ ವಸತಿಯವರ ಜೊತೆ ಮಾತೇ ಬೇರೆಯಾಗುತ್ತದೆ. 'ಚೆನ್ನಾಗಿ ನೋಡ್ಕೋತೀರಾ?' ಎಂದರೆ 'ನಮ್ಮ ತಾಯಿಯ ಹಾಗೆ' ಎಂಬ ಉತ್ತರ ಬರುತ್ತದೆ. 'ಇವರಿಗೆ ಸ್ನಾನಕ್ಕೆ ಒಬ್ಬರು ಜೊತೆಗಿರಬೇಕು, ರಾತ್ರಿ ಎರಡು ಸಲ ಶೌಚಕ್ಕೆ ಏಳುತ್ತಾರೆ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ?' ಎಂದು ಕೇಳಿದರೆ ಅವರು ಯೋಚಿಸಿ ಉತ್ತರಿಸಲೇಬೇಕು.

ಇನ್ನು ಭೇಟಿ. ಎರಡೂ ಕಡೆ ಮತ್ತೊಮ್ಮೆ ಹೋಗಿ, ಈ ಸಲ ಹೇಳದೆ ಹೋಗಿ. ಸಂಜೆಯ ಶಿಫ್ಟ್ ಬದಲಾಗುವ ಹೊತ್ತು ಒಳ್ಳೆಯದು, ರಜಾ ದಿನವಾದರೆ ಇನ್ನೂ ಒಳ್ಳೆಯದು. 'ಈಗ ಆಗುವುದಿಲ್ಲ' ಎಂದರೆ ಕಾರಣ ಕೇಳಿ. ಯಾರದೋ ಸ್ನಾನ ನಡೆಯುತ್ತಿದೆ, ಅವರ ಮರ್ಯಾದೆಗಾಗಿ ಸ್ವಲ್ಪ ಕಾಯಿರಿ ಎಂದರೆ ಅದು ಒಳ್ಳೆಯ ಲಕ್ಷಣ. ಮ್ಯಾನೇಜರ್ ಇಲ್ಲ, ನಾಳೆ ಬನ್ನಿ ಎಂದರೆ ಮ್ಯಾನೇಜರ್ ಇಲ್ಲದ ಹೊತ್ತನ್ನು ತೋರಿಸಲು ಅವರಿಗೆ ಮನಸ್ಸಿಲ್ಲ ಎಂದರ್ಥ. ನಿಮ್ಮ ದೊಡ್ಡಮ್ಮ ವಾಸಿಸಬೇಕಾದದ್ದು ಆ ಹೊತ್ತಿನಲ್ಲೇ.

ಹಜಾರದಲ್ಲಿ ಒಂದು ಮೂಲೆ ಹಿಡಿದು ಕುಳಿತುಬಿಡಿ. ಅರ್ಧ ಗಂಟೆ ಸಾಕು. ಯಾರಾದರೊಬ್ಬರನ್ನು ಕುರ್ಚಿಯಿಂದ ಎಬ್ಬಿಸುವುದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ಒಂದು ನಿಮಿಷವನ್ನು ರೆಪ್ಪೆ ಮಿಟುಕಿಸದೆ ನೋಡಿ. ಕೆಲಸ ಬಲ್ಲ ಸಹಾಯಕಿ ಮೊದಲು ಎದುರಿಗೆ ಬಂದು, ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು ಹೆಸರು ಹಿಡಿದು ಮಾತಾಡುತ್ತಾಳೆ. ಎಲ್ಲಿಗೆ ಹೋಗುವುದು ಎಂದು ಹೇಳುತ್ತಾಳೆ. ವಾಕರ್ ಹತ್ತಿರ ಎಳೆದುಕೊಳ್ಳುತ್ತಾಳೆ, ಗಾಲಿಕುರ್ಚಿಯಾದರೆ ಬ್ರೇಕ್ ಹಾಕುತ್ತಾಳೆ. ಪಾದಗಳು ನೆಲಕ್ಕೆ ಊರಿವೆಯೇ, ಚಪ್ಪಲಿ ಸರಿಯಾಗಿದೆಯೇ ಎಂದು ನೋಡುತ್ತಾಳೆ. 'ಸ್ವಲ್ಪ ಮುಂದಕ್ಕೆ ಬನ್ನಿ, ಕುರ್ಚಿಯ ಕೈ ಒತ್ತಿ, ಒಂದು, ಎರಡು' ಎಂದು ಎಣಿಸಿ, ಅವರ ಬಲದಿಂದಲೇ ಅವರನ್ನು ಏಳಿಸುತ್ತಾಳೆ. ಎದ್ದ ಮೇಲೆ ತಲೆ ಸುತ್ತುತ್ತಿಲ್ಲ ಎಂದು ಖಾತ್ರಿಯಾಗುವವರೆಗೆ ನಿಲ್ಲುತ್ತಾಳೆ, ಆಮೇಲೆ ಹೆಜ್ಜೆ. ಕೆಲಸ ಕಲಿಯದವಳು, ಅಥವಾ ಪಾಪ, ಇನ್ನೂ ಹನ್ನೆರಡು ಜನರನ್ನು ಎಬ್ಬಿಸಬೇಕಾದವಳು, ಹಿಂದಿನಿಂದ ಬಂದು ಕಂಕುಳಿಗೆ ಕೈಹಾಕಿ ಮೇಲಕ್ಕೆಳೆಯುತ್ತಾಳೆ. ವಯಸ್ಸಾದವರ ಭುಜದ ಕೀಲಿಗೆ ಆ ಎಳೆತ ಎಷ್ಟು ನೋವು ಕೊಡುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಆ ಒಂದು ನಿಮಿಷದಲ್ಲಿ ತರಬೇತಿ, ಕೆಲಸದ ಹೊರೆ, ಗೌರವ ಮೂರೂ ಕಾಣುತ್ತವೆ. ಯಾವ ಬಣ್ಣದ ಕರಪತ್ರವೂ ಅಷ್ಟನ್ನು ಹೇಳುವುದಿಲ್ಲ.

ಆಮೇಲೆ ಅಲ್ಲಿರುವವರ ಉಗುರು ನೋಡಿ. ಕನ್ನಡಕದ ಗಾಜು ಒರೆಸಿದೆಯೇ, ಕಿವಿಯ ಯಂತ್ರ ಕಿವಿಯಲ್ಲಿದೆಯೇ ಅಥವಾ ಡ್ರಾಯರಿನಲ್ಲಿದೆಯೇ ನೋಡಿ. ನೀರಿನ ಲೋಟ ಕೈಗೆ ಸಿಗುವಷ್ಟು ಹತ್ತಿರ ಇದೆಯೇ? ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಯಾರೂ ಕೊಡದಿದ್ದರೆ ಅವರು ಕುಡಿಯುವುದಿಲ್ಲ, ಅಲ್ಲಿಂದ ಮೂತ್ರದ ಸೋಂಕು, ಮಲಬದ್ಧತೆ, ಗೊಂದಲ ಒಂದರ ಹಿಂದೊಂದು ಬರುತ್ತವೆ. ವಾಸನೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಇಷ್ಟೇ: ಒಂದು ಕೋಣೆಯ ಮುಂದೆ ಮೂತ್ರದ ವಾಸನೆ ಬಂದರೆ ಅಲ್ಲಿ ಈಗತಾನೆ ಏನೋ ಆಗಿದೆ, ಅದು ಸಹಜ. ಇಡೀ ಕಟ್ಟಡದಲ್ಲಿ ಬಂದರೆ ಜನ ಸಾಲದು. ಎಲ್ಲೆಡೆ ಸುಗಂಧದ ಸ್ಪ್ರೇ ಘಮ್ಮೆನ್ನುತ್ತಿದ್ದರೆ ಇನ್ನೊಮ್ಮೆ ಮೂಗು ಹಾಕಿ ನೋಡಬೇಕು.

ಖಾಲಿ ಕೋಣೆಯ ಜೊತೆಗೆ, ಅಲ್ಲಿರುವವರು ಒಪ್ಪಿದರೆ, ಜನ ಇರುವ ಒಂದು ಕೋಣೆಯನ್ನೂ ನೋಡಿ. ಕಾಲ್ ಬೆಲ್ಲಿನ ಹಗ್ಗ ಎಲ್ಲಿದೆ ಎಂದು ಹುಡುಕಿ. ಹಾಸಿಗೆಯ ಬಳಿ ಮಾತ್ರ ಇದ್ದರೆ ಸಾಲದು, ಬಚ್ಚಲಲ್ಲಿ ನೆಲದವರೆಗೆ ಇಳಿದಿರಬೇಕು, ಏಕೆಂದರೆ ಅದು ಬೇಕಾಗುವುದು ಬಿದ್ದವರಿಗೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ನೆಲ ಒರೆಸುವಾಗ ಒದ್ದೆಯಾಗುತ್ತದೆಂದು ಬಚ್ಚಲಿನ ಹಗ್ಗಗಳನ್ನೆಲ್ಲ ಮೇಲಕ್ಕೆ ಸುತ್ತಿ ಗಂಟು ಹಾಕಿದ್ದರು. ತಿಂಗಳುಗಟ್ಟಲೆ ಹಾಗೇ ಇತ್ತು. ನಾನೂ ದಿನಾ ನೋಡುತ್ತಿದ್ದೆ, ನನಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಒಬ್ಬ ತಾಯಿ ನಿಮ್ಮ ದೊಡ್ಡಮ್ಮನ ಹಾಗೆಯೇ ನೆಲದ ಮೇಲೆ ಸಿಕ್ಕರು. ಕೈ ಚಾಚಿದರೆ ಸಿಗುವ ಜಾಗಕ್ಕಿಂತ ಒಂದು ಮೊಳ ಮೇಲೆ ಆ ಗಂಟು ತೂಗುತ್ತಿತ್ತು. ಅಂದಿನಿಂದ ಯಾವ ವಸತಿಗೆ ಹೋದರೂ ನಾನು ಮೊದಲು ಬಚ್ಚಲಿಗೆ ಹೋಗಿ ಹಗ್ಗ ನೋಡುತ್ತೇನೆ. ನೀವೂ ಅನುಮತಿ ಕೇಳಿ ಒಮ್ಮೆ ಎಳೆಯಿರಿ, ಯಾರು ಎಷ್ಟು ನಿಮಿಷಕ್ಕೆ ಬರುತ್ತಾರೆ ನೋಡಿ.

ಕಟ್ಟಡದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಾಲಿಕುರ್ಚಿ ತಿರುಗಲು ಸುಮಾರು ಒಂದೂವರೆ ಮೀಟರ್ ಜಾಗ ಬೇಕು, ಬಾಗಿಲು ಪೂರ್ತಿ ತೆರೆದಾಗ 80 ಸೆಂಟಿಮೀಟರಿಗಿಂತ ಹೆಚ್ಚು ಅಗಲ ಸಿಗಬೇಕು, ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದವಾದರೂ ಇರಬೇಕು. ಶೌಚದ ಪಕ್ಕ ಹಿಡಿಕೆ, ಹೊಸ್ತಿಲಿಲ್ಲದ ಬಚ್ಚಲು, ರಾತ್ರಿ ಹಾಸಿಗೆಯಿಂದ ಶೌಚದವರೆಗೆ ಮಂದ ಬೆಳಕು. ಹೊಳೆಯುವ ನೆಲ ನಮ್ಮ ಕಣ್ಣಿಗೆ ಚೆಂದ, ಮಸುಕು ಕಣ್ಣಿನವರಿಗೆ ನೀರು ಚೆಲ್ಲಿದ ಹಾಗೆ ಕಾಣುತ್ತದೆ, ಹೆಜ್ಜೆ ಇಡಲು ಅಂಜುತ್ತಾರೆ. ಬೆಂಕಿ ಹತ್ತಿಕೊಂಡರೆ ನಡೆಯಲಾಗದವರನ್ನು ಹೇಗೆ ಇಳಿಸುತ್ತೀರಿ, ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ ಎಂದೂ ಕೇಳಿ.

ಹೆಚ್ಚು ಹೊತ್ತು ಮಾತಾಡಬೇಕಾದದ್ದು ರಾತ್ರಿಯ ಬಗ್ಗೆ. 'ಒಟ್ಟು ಎಷ್ಟು ಸಿಬ್ಬಂದಿ?' ಎಂಬ ಪ್ರಶ್ನೆಗೆ ಅಡುಗೆಯವರು, ಕಚೇರಿಯವರು, ಕಾವಲಿನವರು ಎಲ್ಲ ಸೇರಿ ದೊಡ್ಡ ಸಂಖ್ಯೆ ಬರುತ್ತದೆ. ಹೀಗೆ ಕೇಳಿ: 'ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿ ಇರುವವರು ಎಷ್ಟು ಜನ? ಎಷ್ಟು ಹಿರಿಯರಿಗೆ? ಅವರಲ್ಲಿ ನರ್ಸ್ ಇದ್ದಾರೆಯೇ? ಇಬ್ಬರಲ್ಲಿ ಒಬ್ಬರು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಉಳಿದವರನ್ನು ಯಾರು ನೋಡುತ್ತಾರೆ?' ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಜಾಗದ ಹಣೆಬರಹ ಇರುತ್ತದೆ. ಮ್ಯಾನೇಜರನ್ನು ಕೇಳಿದ್ದನ್ನೇ ಸಹಾಯಕಿಯೊಬ್ಬಳನ್ನು ಬೇರೆಯಾಗಿ, ಗದರಿಸಿದಂತಾಗದ ಹಾಗೆ, 'ರಾತ್ರಿ ಡ್ಯೂಟಿ ನಿಮಗೂ ಬರುತ್ತದಾ? ಎಷ್ಟು ಜನ ಇರ್ತೀರಿ?' ಎಂದು ಕೇಳಿ. ಎರಡು ಸಂಖ್ಯೆ ಹೊಂದಬೇಕು. 'ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?' ಎಂದೂ ಕೇಳಿ. ಮೂರು ಜನರನ್ನು ಕೇಳಿದಾಗ ಮೂವರೂ ತಿಂಗಳ ಲೆಕ್ಕ ಹೇಳಿದರೆ ಯೋಚಿಸಿ. ಸಹಾಯಕರು ನಿಲ್ಲದ ಕಡೆ ಯಾರ ಅಭ್ಯಾಸವೂ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ದೊಡ್ಡಮ್ಮ ಮಾಮೂಲಿಗಿಂತ ಮಂಕಾಗಿದ್ದಾರೆ ಎಂದು ಗುರುತಿಸಲು, ಅವರು ಮಾಮೂಲಿಗೆ ಹೇಗಿರುತ್ತಾರೆ ಎಂಬುದು ಗೊತ್ತಿರಬೇಕಲ್ಲ. ಒಂದೇ ದಿನದಲ್ಲಿ ಬಂದ ಗೊಂದಲವನ್ನು 'ವಯಸ್ಸಿನ ಮರೆವು' ಎಂದು ತಳ್ಳಿಹಾಕಿದ್ದರಿಂದ ಸೋಂಕು ಉಲ್ಬಣಿಸಿದ ಪ್ರಸಂಗಗಳು ಒಂದೆರಡಲ್ಲ.

ಬಿದ್ದವರ ಬಗ್ಗೆ ನೇರವಾಗಿ ಕೇಳಿ: 'ಇಲ್ಲಿ ಈಚೆಗೆ ಯಾರಾದರೂ ಬಿದ್ದಿದ್ದರೇ? ಆಮೇಲೆ ಏನು ಮಾಡಿದಿರಿ?' ಯಾರೂ ಬಿದ್ದೇ ಇಲ್ಲ ಎನ್ನುವ ಜಾಗವನ್ನು ನಾನು ನಂಬುವುದಿಲ್ಲ. ಹಿರಿಯರು ನಡೆಯುವ ಕಡೆ ಬೀಳುತ್ತಾರೆ. ಬೀಳಲೇಬಾರದು ಎಂದು ಹಟ ಹಿಡಿದರೆ ಕೊನೆಗೆ ಕುರ್ಚಿಗೆ ಕಟ್ಟುವುದು, ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಶುರುವಾಗುತ್ತದೆ. ಬಿದ್ದ ಮೇಲೆ ಕಾರಣ ಬರೆದಿಟ್ಟರೇ, ಮನೆಯವರಿಗೆ ಆ ದಿನವೇ ಹೇಳಿದರೇ, ಏನನ್ನಾದರೂ ಬದಲಿಸಿದರೇ, ಇದು ಮುಖ್ಯ. ಹಾಗೆಯೇ, ಕಟ್ಟುವ ಪದ್ಧತಿ ಇದೆಯೇ ಎಂದೂ ಮುಚ್ಚುಮರೆಯಿಲ್ಲದೆ ಕೇಳಿ.

ಮಾತ್ರೆ ಯಾರು ಕೊಡುತ್ತಾರೆ, ಕೊಟ್ಟದ್ದನ್ನು ಎಲ್ಲಿ ಬರೆಯುತ್ತಾರೆ, ಹೊಸ ಮಾತ್ರೆ ಶುರುಮಾಡುವ ಮುಂಚೆ ನಿಮಗೆ ತಿಳಿಸುತ್ತಾರೆಯೇ? ದೊಡ್ಡಮ್ಮನ ಹಳೆಯ ವೈದ್ಯರೇ ಮುಂದುವರಿಯಬಹುದೇ? ಇವೂ ಇರಲಿ.

ಮುಂದೆ ಅವರ ಸ್ಥಿತಿ ಇಳಿದರೆ ಏನು ಎಂಬುದನ್ನು ಮನೆಯವರು ಕೇಳುವುದೇ ಇಲ್ಲ, ಬಾಯಿಗೆ ಬರುವುದಿಲ್ಲ. ಆದರೆ ಅದೇ ದೊಡ್ಡ ಪ್ರಶ್ನೆ. ನೆರವಿನ ವಸತಿ ಎಂದರೆ ನರ್ಸಿಂಗ್ ಹೋಮ್, ಅಂದರೆ ಹಗಲೂ ರಾತ್ರಿ ನರ್ಸ್‌ಗಳ ಆರೈಕೆ ಇರುವ ವಸತಿ, ಅಲ್ಲ. ಓಡಾಡಿಕೊಂಡಿದ್ದು, ಅಷ್ಟಿಷ್ಟು ಕೈಹಿಡಿಯಬೇಕಾದವರಿಗಾಗಿ ಇರುವ ಜಾಗ ಅದು. ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ? ಮರೆವಿನ ಕಾಯಿಲೆ ಬಂದು ರಾತ್ರಿ ಅಲೆದಾಡತೊಡಗಿದರೆ? ಕೊನೆಯ ದಿನಗಳು ಇಲ್ಲೇ ಕಳೆಯಬಹುದೇ? ಯಾವ ಸ್ಥಿತಿಯಲ್ಲಿ 'ಇನ್ನು ಕರೆದುಕೊಂಡು ಹೋಗಿ' ಎನ್ನುತ್ತೀರಿ, ಎಷ್ಟು ದಿನ ಮುಂಚೆ ಹೇಳುತ್ತೀರಿ? ಉತ್ತರ ಕರಾರು ಪತ್ರದಲ್ಲಿರಬೇಕು. ಆ ಪತ್ರವನ್ನು ಮನೆಗೆ ತಂದು ಓದಿ, ಅಲ್ಲೇ ಕುಳಿತು ಸಹಿ ಹಾಕಬೇಡಿ. ಠೇವಣಿ ಯಾವಾಗ ಎಷ್ಟು ವಾಪಸ್, ತಿಂಗಳ ಹಣದಲ್ಲಿ ಏನೇನು ಸೇರಿದೆ, ಡಯಾಪರ್, ಬಟ್ಟೆ ಒಗೆತ, ಫಿಸಿಯೊಥೆರಪಿ ಬೇರೆಯೇ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಕೊಡಬೇಕೇ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ನೆರವು ಹೆಚ್ಚಾದಾಗ ದರ ಹೇಗೆ ಬದಲಾಗುತ್ತದೆ, ಇಷ್ಟಕ್ಕೂ ಬರವಣಿಗೆಯಲ್ಲಿ ಉತ್ತರ ಇರಲಿ. ನಿಮ್ಮ ಕಡೆ ಇಂಥ ವಸತಿಗಳಿಗೆ ಪರವಾನಗಿ, ತಪಾಸಣೆ ಇದ್ದರೆ ಆ ವರದಿಯನ್ನೂ ಕೇಳಿ ಪಡೆಯಿರಿ.

ಈಗ ದೊಡ್ಡಮ್ಮನ ಮಾತಿಗೆ ಬರುತ್ತೇನೆ. 'ಭಾರವಾದೆ' ಎನ್ನುವವರು ಹೋಗಲಾರೆ ಎಂದು ಹೇಳುತ್ತಿದ್ದಾರೆ ಎಂದು ನಾವು ತಿಳಿಯುತ್ತೇವೆ. ನನಗೆ ಕೇಳಿಸುವುದು ಬೇರೆ: ಎಲ್ಲ ತೀರ್ಮಾನವಾಗಿಬಿಟ್ಟಿದೆ, ಇನ್ನು ನನ್ನನ್ನು ಕೇಳಿ ಏನು ಎಂದು ಅವರು ಹೇಳುತ್ತಿದ್ದಾರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ನರ್ಸಿಂಗ್ ಹೋಮಿನಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ ನಿಮ್ಮ ಕೋಣೆ, ನಿಮ್ಮ ದಿನ ನಿಮ್ಮ ಇಷ್ಟದಂತೆ ಎಂದು ಹೇಳಿ, ಒಂದು ಗಿಡ ಆರಿಸಿಕೊಂಡು ನೀವೇ ನೀರು ಹಾಕಿ ಎಂದು ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನರ್ಸ್ ನೀರು ಹಾಕುತ್ತಾರೆ, ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಕೆಲವೇ ವಾರಗಳಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡರು. ನನ್ನ ಕಣ್ಣೆದುರೂ ಇದು ಎಷ್ಟೋ ಸಲ ನಡೆದಿದೆ. ನೆರವಿನ ವಸತಿ ಎಂಬ ಕಲ್ಪನೆಯೇ ಇಂಥ ಒಂದು ಆಸೆಯಿಂದ ಬೆಳೆದದ್ದು. 1980ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಅಂಥ ಮೊದಮೊದಲ ಮನೆಯೊಂದನ್ನು ಕಟ್ಟಿದರು. ಪಾರ್ಶ್ವವಾಯುವಿನಿಂದ ನರ್ಸಿಂಗ್ ಹೋಮ್ ಸೇರಿದ್ದ ಅವರ ತಾಯಿ ಬಯಸುತ್ತಿದ್ದದ್ದು ತನ್ನದೇ ಒಂದು ಕೋಣೆ, ತನ್ನ ಸಾಮಾನು, ತಾನೇ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ಆದ್ದರಿಂದ ನೀವು ನೋಡಿದ ಎರಡೂ ಕಡೆ ಕೇಳಿ: ಏಳುವ ಹೊತ್ತು, ಮಲಗುವ ಹೊತ್ತು ಅವರಿಷ್ಟವೇ? ಸ್ನಾನ ಬೆಳಿಗ್ಗೆಯೋ ಸಂಜೆಯೋ ಯಾರು ನಿರ್ಧರಿಸುತ್ತಾರೆ? ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಹುದೇ, ತುರ್ತಿಗೆ ಹೊರಗಿನಿಂದ ತೆಗೆಯುವ ವ್ಯವಸ್ಥೆ ಇದೆಯೇ? ಸಿಬ್ಬಂದಿ ಬಾಗಿಲು ತಟ್ಟಿ, ಉತ್ತರಕ್ಕೆ ಕಾಯುತ್ತಾರೆಯೇ? ತಮ್ಮ ಮಂಚ, ಕುರ್ಚಿ, ಫೋಟೊ ತರಬಹುದೇ? ಅವರನ್ನು ನೋಡಲು ಬರುವವರು ಯಾವ ಹೊತ್ತಿಗಾದರೂ ಬರಬಹುದೇ?

ನನ್ನ ಅಭಿಪ್ರಾಯ ಕೇಳಿದ್ದೀರಿ. ನೀವು ಬರೆದಷ್ಟರಿಂದಲೇ ಹೇಳುವುದಾದರೆ ನನ್ನ ಮನಸ್ಸು ಹಳೆಯ ಕಟ್ಟಡದ ಕಡೆ ವಾಲುತ್ತದೆ, ಏಕೆಂದರೆ ಹಳೆಯ ಕಡೆ ಹಳಬ ಸಹಾಯಕಿಯರು ಸಿಗುವ ಸಂಭವ ಹೆಚ್ಚು. ಬಚ್ಚಲಿಗೆ ಹಿಡಿಕೆ ಹಾಕಿಸಬಹುದು. ರಾತ್ರಿಗೆ ಜನ ಸಾಲದೆ ಇದ್ದರೆ ನೀವು ಹೊರಗಿನಿಂದ ಏನನ್ನೂ ಮಾಡಲಾಗದು. ಆದರೆ ಹೇಳದೆ ಹೋದ ಆ ಸಂಜೆ ಹೊಸ ಕಡೆಯೇ ಚೆನ್ನಾಗಿ ಎಬ್ಬಿಸುವ ಕೈಗಳು ಕಂಡರೆ, ನನ್ನ ಮಾತು ಬಿಟ್ಟು ನಿಮ್ಮ ಕಣ್ಣನ್ನು ನಂಬಿ.

ಆರಿಸಿದ ಕಡೆ ಎರಡು ಮೂರು ವಾರ ಪರೀಕ್ಷಾರ್ಥವಾಗಿ ಇರಲು ಅವಕಾಶ ಕೇಳಿ. ದೊಡ್ಡಮ್ಮನಿಗೆ 'ನೋಡಿ ಬನ್ನಿ, ಒಗ್ಗದಿದ್ದರೆ ವಾಪಸ್' ಎಂದು ಹೇಳಿ, ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ. ಅಷ್ಟು ದಿನ ಅವರ ಮನೆಯ ಸಾಮಾನು ಕದಲಿಸಬೇಡಿ. ಮೊದಲ ವಾರಗಳಲ್ಲಿ ಅಳು, ನಿದ್ದೆಗೇಡು, ಊಟ ಸೇರದಿರುವುದು ಇರುತ್ತದೆ, ಅದನ್ನು ನೋಡಿ ಗಾಬರಿಯಾಗಿ ಕರೆತರುವುದೂ ಬೇಡ. ಸೇರಿಸಿದ ಮೇಲೆ ಬೇರೆ ಬೇರೆ ಹೊತ್ತಿಗೆ ಹೋಗುತ್ತಿರಿ. ಹಿರಿಯರ ಮೇಲಿನ ದೌರ್ಜನ್ಯ ಮನೆಗಳಲ್ಲಿಯೂ ಇದೆ, ಸಂಸ್ಥೆಗಳಲ್ಲಿಯೂ ಇದೆ. 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೂ ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸಂಸ್ಥೆಗಳಲ್ಲಿ ಪ್ರಮಾಣ ಹೆಚ್ಚು. ತೋಳಿನ ಮೇಲೆ ಬೆರಳಿನ ಗುರುತು, ಮಗ್ಗುಲು ಬದಲಿಸದೆ ಮಲಗಿಸಿಟ್ಟಾಗ ಹಿಮ್ಮಡಿಯಲ್ಲಿ ಮೂಡುವ ಕೆಂಪು, ಒಬ್ಬ ಸಹಾಯಕಿ ಬಂದೊಡನೆ ಮಾತು ನಿಲ್ಲುವುದು, ಇಂಥದ್ದು ಕಂಡರೆ ಸುಮ್ಮನಿರಬೇಡಿ. ಹಾಗೆಯೇ ಒಳ್ಳೆಯ ಸಹಾಯಕಿಯ ಹೆಸರು ತಿಳಿದುಕೊಂಡು, ಅವಳ ಕೆಲಸ ಮೆಚ್ಚಿ ಮ್ಯಾನೇಜರಿಗೆ ಎರಡು ಸಾಲು ಬರೆಯಿರಿ. ಆ ಕೆಲಸಕ್ಕೆ ಸಂಬಳ ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ.

ಮುಂದಿನ ಭೇಟಿಗೆ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿ. ಕೋಣೆಯಲ್ಲಿ ಸ್ವಲ್ಪ ಹೊತ್ತು ಅವರೊಬ್ಬರನ್ನೇ ಬಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲಿ. ಕಿಟಕಿ ತೆಗೆದು ನೋಡಲಿ, ಮಂಚದ ಮೇಲೆ ಕೂರಲಿ, ಬಚ್ಚಲಿನ ಹಗ್ಗವನ್ನು ಅವರೇ ಎಳೆದು ನೋಡಲಿ. ಮೊದಲ ರಾತ್ರಿ ಜೊತೆಗೆ ನೀವು ಉಳಿಯಬಹುದೇ ಎಂದು ಮಾತ್ರ ಈಗಲೇ ಕೇಳಿಡಿ.